ಬೆಟ್ಟ ಹತ್ತುವ ಕಾರುಗಳಿಂದ ‘ಸಾಮರ್ಥ್ಯ’ದ ಪಾಠ

ತರಗತಿ: 9
ಘಟಕ: ಕೆಲಸ ಮತ್ತು ಶಕ್ತಿ
ಅವಧಿ: 40 ನಿಮಿಷ

ಉದ್ದೇಶ: ಕೆಲಸ ಮತ್ತು ಸಾಮರ್ಥ್ಯಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಲೆಕ್ಕದ ಮೂಲಕ ಗುರುತಿಸುವರು.

ಪೂರ್ವಜ್ಞಾನ ಪರೀಕ್ಷೆ: ಒಂದೇ ತೂಕದ ಮೂಟೆಯನ್ನು ಇಬ್ಬರು ಒಂದೇ ಮಹಡಿಗೆ ಹೊತ್ತರು, ಒಬ್ಬರಿಗೆ 2 ನಿಮಿಷ, ಇನ್ನೊಬ್ಬರಿಗೆ 5 ನಿಮಿಷ ಹಿಡಿಯಿತು. ಮೂಟೆಯ ಮೇಲೆ ಹೆಚ್ಚು ಕೆಲಸ ಮಾಡಿದವರು ಯಾರು? ಹೆಚ್ಚಿನ ಮಕ್ಕಳು ‘5 ನಿಮಿಷದವರು’ ಎಂದರು. ದಣಿವನ್ನೇ ಕೆಲಸವೆಂದು ತಿಳಿಯುವ ಈ ಕಲ್ಪನೆ ಸೂತ್ರ ಬರೆಸಿದ ಮಾತ್ರಕ್ಕೆ ಹೋಗುವುದಿಲ್ಲ. ಆದ್ದರಿಂದ ಪಾಠವನ್ನು ಒಂದು ಸ್ಪರ್ಧೆಯ ಇತಿಹಾಸದ ಮೇಲೆ ಕಟ್ಟಿದೆ.

ವಿಷಯ ಮಂಡನೆ: ಮೊದಲ ಕಾರುಗಳ ಎಂಜಿನ್ ದುರ್ಬಲ, ಅವುಗಳ ಕಸುವು ತಿಳಿಯುತ್ತಿದ್ದುದು ಏರಿನಲ್ಲಿ. 1897ರಲ್ಲೇ ಫ್ರಾನ್ಸಿನ ನೀಸ್ ಬಳಿಯ ಲಾ ಟರ್ಬಿ ಏರಿನಲ್ಲಿ ಸ್ಪರ್ಧೆ ನಡೆಯಿತು. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಷ್‌ನಲ್ಲಿ 1905ರಲ್ಲಿ ಆರಂಭವಾಯಿತು. ಅಮೆರಿಕದ ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟಕ್ಕೆ ಸ್ಪೆನ್ಸರ್ ಪೆನ್ರೋಸ್ ರಸ್ತೆ ಮಾಡಿಸಿ, 1916ರಲ್ಲಿ ಸ್ಪರ್ಧೆ ಏರ್ಪಡಿಸಿದರು. ಈಗಿನ ದಾರಿ ಸುಮಾರು 20 ಕಿ.ಮೀ., 156 ತಿರುವು. ಆರಂಭದ ಎತ್ತರ 2,862 ಮೀ., ಕೊನೆಯದು 4,302 ಮೀ.; ಏರಿಕೆ 1,440 ಮೀ.

1916ರಲ್ಲಿ ಮಣ್ಣು ರಸ್ತೆಯಲ್ಲಿ ರೇ ಲೆಂಟ್ಜ್‌ಗೆ 20 ನಿಮಿಷ 55 ಸೆಕೆಂಡು ಬೇಕಾಯಿತು. 2018ರಲ್ಲಿ ಡಾಂಬರು ರಸ್ತೆಯಲ್ಲಿ ರೊಮೇನ್ ಡ್ಯೂಮಾ ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರನ್ನು 7 ನಿಮಿಷ 57 ಸೆಕೆಂಡಿನಲ್ಲಿ ಹತ್ತಿಸಿದರು.

ಕಪ್ಪುಹಲಗೆ ಕೆಲಸ: ಹೋಲಿಕೆಗಾಗಿ ಎರಡೂ ಕಾರಿನ ರಾಶಿ 1,000 ಕಿ.ಗ್ರಾಂ., g = 10 ಎಂದಿಟ್ಟುಕೊಂಡೆವು.
ಗುರುತ್ವದ ವಿರುದ್ಧ ಕೆಲಸ = 1,000 × 10 × 1,440 = 1,44,00,000 ಜೂಲ್ (ಎರಡಕ್ಕೂ ಒಂದೇ)
1916: ÷ 1,255 ಸೆಕೆಂಡು = ಸುಮಾರು 11.5 ಕಿಲೋವ್ಯಾಟ್
2018: ÷ 477 ಸೆಕೆಂಡು = ಸುಮಾರು 30 ಕಿಲೋವ್ಯಾಟ್

ಆ ವಿದ್ಯುತ್ ಕಾರಿನ ಗರಿಷ್ಠ ಸಾಮರ್ಥ್ಯ 500 ಕಿಲೋವ್ಯಾಟ್ ಎಂದಾಗ ಹುಡುಗನೊಬ್ಬ, “ಉಳಿದದ್ದು ಎಲ್ಲಿ ಹೋಯ್ತು ಮಿಸ್?” ಎಂದ. ಗಾಳಿಯ ಪ್ರತಿರೋಧ, ಪ್ರತಿ ತಿರುವಿನಲ್ಲೂ ಬ್ರೇಕ್ ಹಾಕಿ ಮತ್ತೆ ವೇಗ ಗಳಿಸುವುದು, ಟೈರಿನ ಘರ್ಷಣೆ ಎಂದು ಮಕ್ಕಳೇ ಪಟ್ಟಿ ಮಾಡಿದರು. ನಾನು ಒಂದನ್ನು ಸೇರಿಸಿದೆ: ಶಿಖರದಲ್ಲಿ ವಾಯು ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಆಮ್ಲಜನಕ ಕಡಿಮೆಯಾಗಿ ಪೆಟ್ರೋಲ್ ಎಂಜಿನ್ ಸೊರಗುತ್ತದೆ. ವಿದ್ಯುತ್ ಮೋಟಾರಿಗೆ ಆ ಕೊರತೆಯಿಲ್ಲ.

ಮೌಲ್ಯಮಾಪನ: ಒಂದೇ ಎತ್ತರದ ಟ್ಯಾಂಕನ್ನು ಒಂದು ಪಂಪ್ 10 ನಿಮಿಷದಲ್ಲಿ, ಇನ್ನೊಂದು 30 ನಿಮಿಷದಲ್ಲಿ ತುಂಬಿಸುತ್ತದೆ. ನೀರೆತ್ತುವ ಕೆಲಸ ಯಾವುದರದು ಹೆಚ್ಚು? ಬಹುತೇಕರು ‘ಎರಡೂ ಒಂದೇ’ ಎಂದು ಬರೆದು ಕಾರಣ ಕೊಟ್ಟರು. ಒಬ್ಬಳು ಒಪ್ಪಲಿಲ್ಲ: “30 ನಿಮಿಷ ಓಡಿದರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ?”

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಇಂಥ ಉತ್ತರಕ್ಕೆ ‘ತಪ್ಪು’ ಗುರುತು ಹಾಕಿ ಮುಂದೆ ಹೋಗಬೇಡಿ. ಬಿಲ್ಲು ಪಂಪಿನ ಸಾಮರ್ಥ್ಯ ಮತ್ತು ಓಡಿದ ಕಾಲ ಎರಡನ್ನೂ ಅವಲಂಬಿಸಿದೆ, ಪಂಪಿನೊಳಗಿನ ನಷ್ಟವೂ ಅದರಲ್ಲಿದೆ. ಕಿಲೋವ್ಯಾಟ್ ಗಂಟೆಯ ಪಾಠಕ್ಕೆ ಅವಳ ಪ್ರಶ್ನೆಯೇ ಪೀಠಿಕೆ.