ಹಾಲು, ಮಾಂಸ, ಮೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ: ವ್ಯಾಪಾರಸ್ಥರು ಅರಿಯಬೇಕಾದ ಸಂಗತಿಗಳು

ಬೀದರ್ ಜಿಲ್ಲೆಯ ಕೃಷಿಕನಿಗೆ ದನಕರುಗಳು ಹೊಲದಷ್ಟೇ ಮುಖ್ಯವಾದ ಆಸ್ತಿ. ಹಾಲಿಗೂ ಬೇಸಾಯಕ್ಕೂ ಒದಗುವ ದೇವಣಿ ತಳಿಯ ನೆಲೆ ಈ ಗಡಿ ಸೀಮೆಯೇ ಆಗಿದೆ. 2004ರ ಕಾಯ್ದೆಯನ್ವಯ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಬೀದರಿನ ನಂದಿನಗರದಲ್ಲಿದೆ. ನೌಬಾದ, ಭಾಲ್ಕಿ, ಔರಾದ ಭಾಗಗಳಲ್ಲಿ ಹಾಲು, ಕೋಳಿ, ಮೊಟ್ಟೆಗಳ ವ್ಯವಹಾರ ನಡೆಸುವವರು ಇಂದು ಗಮನಿಸಲೇಬೇಕಾದ ವಿಷಯವೊಂದಿದೆ. ಅದು ಪ್ರತಿಜೈವಿಕ ಅಂದರೆ ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳ ಸಮಸ್ಯೆ.

ಶೇಷ ಬೇರೆ, ಬ್ಯಾಕ್ಟೀರಿಯ ಬೇರೆ

ಈ ವಿಷಯದಲ್ಲಿ ಎರಡು ಅಪಾಯಗಳನ್ನು ಒಂದೆಂದು ಭಾವಿಸುವುದು ಸಾಮಾನ್ಯ. ಮೊದಲನೆಯದು ಔಷಧದ ಶೇಷ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಪಡೆದ ಹಸುವಿನ ಹಾಲಿನಲ್ಲಿ ಔಷಧದ ಅಂಶ ಕೆಲವು ದಿನ ಉಳಿಯುತ್ತದೆ. ಬಹುತೇಕ ಪ್ರತಿಜೈವಿಕಗಳು ಹಾಲು ಕಾಯಿಸಿದರೂ ಪೂರ್ಣವಾಗಿ ನಾಶವಾಗುವುದಿಲ್ಲ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಹೆಪ್ಪುಗಟ್ಟದಿರಬಹುದು. ಹೆಪ್ಪಿನ ಬ್ಯಾಕ್ಟೀರಿಯಗಳನ್ನೂ ಆ ಔಷಧ ತಡೆಯುತ್ತದೆ.

ಎರಡನೆಯದು ಔಷಧವನ್ನು ಎದುರಿಸಿ ಬದುಕುಳಿದ ಬ್ಯಾಕ್ಟೀರಿಯ. ಇದು ಚೆನ್ನಾಗಿ ಕಾಯಿಸಿದಾಗ, ಬೇಯಿಸಿದಾಗ ಸಾಯುತ್ತದೆ. ಆದರೆ ಹಸಿ ಮಾಂಸ ಕತ್ತರಿಸಿದ ಚಾಕು, ಮಣೆ, ಕೈಗಳ ಮೂಲಕ ಹಸಿ ತರಕಾರಿಗೆ ದಾಟಬಲ್ಲದು. ಕಾಯಿಸದ ಹಾಲಿನಿಂದಲೂ, ಕೊಟ್ಟಿಗೆಯ ಗೊಬ್ಬರ ಮತ್ತು ನೀರಿನಿಂದಲೂ ಮನುಷ್ಯನನ್ನು ತಲುಪಬಲ್ಲದು.

ಪ್ರತಿರೋಧ ಬೆಳೆಯುವ ಬಗೆ

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ಬಳಸಿದರೆ ಸೂಕ್ಷ್ಮಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಂದು 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆಯಿಂದಲೂ, ರೋಗವಿಲ್ಲದ ಕೋಳಿಗಳ ತೂಕ ಹೆಚ್ಚಿಸಲೆಂದು ಆಹಾರದಲ್ಲಿ ಔಷಧ ಬೆರೆಸುವುದರಿಂದಲೂ ದುರ್ಬಲ ಬ್ಯಾಕ್ಟೀರಿಯಗಳು ಸತ್ತು ಬಲಿಷ್ಠವಾದವು ಉಳಿಯುತ್ತವೆ. ಅವು ತಮ್ಮ ಪ್ರತಿರೋಧದ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ಕೊಲಿಸ್ಟಿನ್ ಎಂಬ ಔಷಧಕ್ಕೆ ಪ್ರತಿರೋಧ ನೀಡುವ, ಹೀಗೆ ದಾಟಬಲ್ಲ ಜೀನೊಂದು ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ ಹಾಗೂ ರೋಗಿಗಳಲ್ಲಿ ಕಂಡುಬಂದುದು 2015ರಲ್ಲಿ ಪ್ರಕಟವಾಯಿತು. ಬೇರೆಲ್ಲ ಔಷಧಗಳು ಸೋತಾಗ ಆಸ್ಪತ್ರೆಗಳು ಮೊರೆಹೋಗುವ ಔಷಧವೇ ಅದು.

ಕಾನೂನಿನ ನಿಲುವು

ಭಾರತ ಸರ್ಕಾರವು 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್‌ಗಳ ಮೇಲೆ ಇಂತಹುದೇ ನಿಷೇಧ 2025ರ ಮಾರ್ಚ್‌ನಲ್ಲಿ ಬಂತು. ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಔಷಧ ತಿನ್ನಿಸಿದ ಪ್ರಾಣಿಗಳ ಉತ್ಪನ್ನಗಳ ಆಮದಿಗೆ ತಡೆಯೊಡ್ಡುವ ನಿಯಮಕ್ಕೆ 2026ರ ಸೆಪ್ಟೆಂಬರ್ 3ರ ದಿನಾಂಕವನ್ನು ಗೊತ್ತುಪಡಿಸಿದೆ.

ಸ್ಥಳೀಯ ವ್ಯಾಪಾರಕ್ಕೆ ಇವೆಲ್ಲಕ್ಕಿಂತ ಹತ್ತಿರವಾದುದು 2012ರ ಜನವರಿಯ ನಿಯಮ. ಔಷಧ ನಿಲ್ಲಿಸಿದ ಮೇಲೆ ಉತ್ಪನ್ನವನ್ನು ಮಾರದೆ ಕಾಯಬೇಕಾದ ಕಾಲಕ್ಕೆ ‘ವಿತ್‌ಡ್ರಾವಲ್ ಅವಧಿ’ ಎಂದು ಹೆಸರು. ಇದು ಔಷಧದ ಲೇಬಲ್ಲಿನಲ್ಲಿ ಇರಲೇಬೇಕು. ನಿರ್ದಿಷ್ಟ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಮಾಂಸದ ಕೋಳಿಯ ಆಯುಷ್ಯವೇ ಸುಮಾರು ಆರು ವಾರ. ಅಂದರೆ ಅಂತಹ ಔಷಧವನ್ನು ಎರಡು ವಾರ ದಾಟಿದ ಕೋಳಿಗೆ ಕೊಟ್ಟರೆ ಅದನ್ನು ವಾಡಿಕೆಯ ಸಮಯಕ್ಕೆ ಮಾರುವಂತಿಲ್ಲ.

ಏಳು ದಿನದ ಹಾಲು ಯಾರ ಲೆಕ್ಕಕ್ಕೆ?

ನಿಯಮ ಸರಳ, ಪಾಲನೆ ಕಠಿಣ. ದಿನಕ್ಕೆ 8 ಲೀಟರ್ ಕೊಡುವ ಒಂದೇ ಹಸುವಿನ ಒಡೆಯ 7 ದಿನಕ್ಕೆ 56 ಲೀಟರ್ ಹಾಲನ್ನು ಕೈಬಿಡಬೇಕಾಗುತ್ತದೆ. ಆ ಹಾಲನ್ನು ಕರುವಿಗೆ ಕುಡಿಸುವುದೂ ಕ್ಷೇಮವಲ್ಲ. ಪ್ರತಿರೋಧವುಳ್ಳ ಬ್ಯಾಕ್ಟೀರಿಯ ಅದರ ಕರುಳಿನಲ್ಲಿ ಬೆಳೆಯುತ್ತದೆ. ಚಿಕಿತ್ಸೆಯ ವಿಷಯ ಹೇಳಿದರೆ ಹಾಲು ತಿರಸ್ಕೃತ, ಹೇಳದಿದ್ದರೆ ಪೂರ್ಣ ಹಣ ಎಂಬ ಸ್ಥಿತಿ ಇರುವವರೆಗೆ ಬಡ ರೈತನಿಂದ ಪ್ರಾಮಾಣಿಕತೆಯನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ. ನಷ್ಟದ ಒಂದು ಪಾಲನ್ನು ಕೊಳ್ಳುವವರೂ ಹೊರಬೇಕು.

ಕೈಗೊಳ್ಳಬಹುದಾದ ಕ್ರಮಗಳು

1. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಬೇರೆ ಇಡುವ ರೈತನಿಗೆ ಆ ದಿನಗಳಿಗಾಗಿ ಅಲ್ಪ ಪರಿಹಾರ ನೀಡುವುದು. ಒಂದು ಕ್ಯಾನಿನ ಕಲಬೆರಕೆಯಿಂದ ಇಡೀ ಟ್ಯಾಂಕರ್ ಕೆಡುವುದಕ್ಕೆ ಹೋಲಿಸಿದರೆ ಇದು ಕಡಿಮೆ ಖರ್ಚು.

2. ಕೋಳಿ ಖರೀದಿಸುವಾಗ ಕೊನೆಯ ಔಷಧದ ಹೆಸರು ಮತ್ತು ದಿನಾಂಕವನ್ನು ಬರೆಹದಲ್ಲಿ ಪಡೆಯುವುದು.

3. ಔಷಧ ಅಂಗಡಿಗಳು ಪಶುವೈದ್ಯರ ಚೀಟಿಯಿಲ್ಲದೆ ಪ್ರತಿಜೈವಿಕಗಳನ್ನು ಮಾರದಿರುವುದು.

4. ರೋಗ ಬಾರದಂತೆ ತಡೆಯುವುದು. ಕರೆಯುವ ಮುನ್ನ ಕೈ ಮತ್ತು ಕೆಚ್ಚಲು ತೊಳೆಯುವುದು, ಕೊಟ್ಟಿಗೆಯನ್ನು ಒಣಗಿಸಿಡುವುದು, ಲಸಿಕೆ ಹಾಕಿಸುವುದು ಅಗ್ಗದ ಉಪಾಯಗಳು. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೂ ಪ್ರಚುರಪಡಿಸಿದೆ. ಗುಣ ಕಾಣದಿದ್ದರೆ ಪಶುವೈದ್ಯರನ್ನು ಕರೆಯಲು ತಡಮಾಡಬಾರದು.

ರೋಗಪೀಡಿತ ಪಶುವಿಗೆ ಔಷಧ ಬೇಡವೆಂಬುದು ಇದರ ಅರ್ಥವಲ್ಲ. ತಕ್ಕ ಔಷಧವನ್ನು ತಕ್ಕಷ್ಟು ದಿನ ಕೊಟ್ಟು, ಆನಂತರ ಕಾಯಬೇಕು. ಇಂದು ಕೊಟ್ಟಿಗೆಯಲ್ಲಿ ಪೋಲಾದ ಔಷಧ ನಾಳೆ ಅದೇ ಮನೆಯ ಮಗುವಿನ ಜ್ವರಕ್ಕೆ ನಾಟದೆ ಹೋಗಬಹುದು. ಕಾಯುವ ಆ ಏಳು ದಿನಗಳ ಬೆಲೆಯನ್ನು ರೈತನೂ ವ್ಯಾಪಾರಸ್ಥನೂ ಹಂಚಿಕೊಂಡರೆ ಇಬ್ಬರ ಮನೆಯೂ ಕ್ಷೇಮ.