ಮೊದಲು ಮೆಗ್ನೀಸಿಯಂ ನೋಡಿ

ರೈಬೋಸೋಮನ್ನು ಎರಡು ಹೋಳು ಮಾಡುವುದು ಅಲ್ಟ್ರಾಸೆಂಟ್ರಿಫ್ಯೂಜ್ ಅಂತ ಹೊಸಬರು ತಿಳಿದಿರುತ್ತಾರೆ. ಹೋಳು ಮಾಡುವುದು ಮೆಗ್ನೀಸಿಯಂ ಇಳಿಕೆ; ಬೇರೆಯಾದದ್ದನ್ನು ಯಂತ್ರ ದೂರ ದೂರ ನಿಲ್ಲಿಸುತ್ತದೆ, ಅಷ್ಟೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ, ಈಗ ಬಾಗಲಕೋಟೆಯಲ್ಲಿ ಪಾಠ ಹೇಳುವಾಗ ನಾನು ಶುರು ಮಾಡುವುದು ಇಲ್ಲಿಂದಲೇ.

ಇ. ಕೋಲಿಯ ಇಡೀ ರೈಬೋಸೋಮು 70ಎಸ್. ಬಫರಿನಲ್ಲಿ ಮೆಗ್ನೀಸಿಯಂ 10 ಮಿಲಿಮೋಲಾರ್ ಇದ್ದರೆ ಕೂಡಿಕೊಂಡಿರುತ್ತದೆ. 1ಕ್ಕೆ ಇಳಿಸಿದರೆ 50ಎಸ್, 30ಎಸ್ ಎಂದು ಬಿಡಿಯಾಗುತ್ತದೆ. (ಐವತ್ತಕ್ಕೆ ಮೂವತ್ತು ಕೂಡಿದರೆ ಎಂಬತ್ತಲ್ಲವೇ ಎಂದು ಹುನಗುಂದದ ಹುಡುಗನೊಬ್ಬ ಕೇಳಿದ. ಎಸ್ ತೂಕದ ಲೆಕ್ಕವಲ್ಲ, ತಳಕ್ಕಿಳಿಯುವ ವೇಗದ್ದು. ಆಕಾರವೂ ಅದರಲ್ಲಿ ಸೇರಿದೆ.) ಬೇಗ ಮುಗಿಯಲೆಂದು ಮೆಗ್ನೀಸಿಯಂ ಕಸಿಯುವ ಇಡಿಟಿಎ ಸುರಿದರೆ ಉಪಘಟಕಗಳೇ ಬಿಚ್ಚಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ.

ತಳಕ್ಕಿಳಿಸಿದ ಶುದ್ಧ ರೈಬೋಸೋಮು ಕಣ್ಣಿಗೆ ಬೀಳುವುದೇ ಕಷ್ಟ. ಟ್ಯೂಬನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತಳದಲ್ಲಿ ತುಸು ಹೊಳಪು. ಬಿಳುಪು ಕಂಡರೆ ಕಸ ಉಳಿದಿದೆ ಎಂದೇ ಲೆಕ್ಕ. ವೋರ್ಟೆಕ್ಸ್ ಬೇಡ, 1 ಮಿಲಿಮೋಲಾರ್ ಮೆಗ್ನೀಸಿಯಂ ಇರುವ ಬಫರಿನಲ್ಲಿ, ಐಸಿನ ಮೇಲೆ ನಿಧಾನ ಕರಗಲಿ. ಆಮೇಲೆ ಸುಕ್ರೋಸ್ ಗ್ರೇಡಿಯಂಟಿನ ಮೇಲೆ ಹಗುರಾಗಿ ಬಿಟ್ಟು ರಾತ್ರಿಯಿಡೀ ತಿರುಗಿಸಬೇಕು. ಗ್ರೇಡಿಯಂಟಿನಲ್ಲೂ ಮೆಗ್ನೀಸಿಯಂ ಅದೇ 1 ಇರಲಿ. ನಿಲ್ಲಿಸುವಾಗ ಬ್ರೇಕ್ ಹಾಕಿದರೆ ಪದರಗಳು ಕದಡುತ್ತವೆ. 260 ನ್ಯಾನೊಮೀಟರಿನಲ್ಲಿ ಮೇಲಿನಿಂದ ಓದುತ್ತ ಬಂದರೆ ಮೊದಲು 30ಎಸ್ ಪೀಕು, ನಂತರ 50ಎಸ್. ಎರಡನೆಯದು ಮೊದಲನೆಯದರ ಸುಮಾರು ಎರಡರಷ್ಟಿಲ್ಲದಿದ್ದರೆ ಆ ತಯಾರಿಯನ್ನು ನಾನು ನಂಬುವುದಿಲ್ಲ.

ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಜೋಡಣೆ ಬಿಚ್ಚಬಾರದು. ರೈಬೋಸೋಮಿನದು ಒಂದು ಪ್ರೋಟೀನ್ ಮುಗಿದೊಡನೆ ಬಿಚ್ಚಲೇಬೇಕು, ಮುಂದಿನ ಎಂಆರ್‌ಎನ್‌ಎ ಸಂದೇಶ ಕೂರುವುದು ಬಿಡಿ 30ಎಸ್ ಮೇಲೆ. ಜೀವಕೋಶದಲ್ಲಿ ಬಿಚ್ಚುವುದು ಆರ್‌ಆರ್‌ಎಫ್, ಇಎಫ್-ಜಿ ಎಂಬ ಪ್ರೋಟೀನುಗಳು. ಕ್ಷಯದ ಬ್ಯಾಕ್ಟೀರಿಯಾದ ಆರ್‌ಆರ್‌ಎಫ್ ಇ. ಕೋಲಿಯೊಳಗೆ ಕೆಲಸ ಮಾಡಬೇಕಾದರೆ ತನ್ನದೇ ಇಎಫ್-ಜಿ ಜೊತೆಗಿರಬೇಕು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಅವರ ತಂಡ 2001ರಲ್ಲಿ ತೋರಿಸಿತು.

"ಬ್ಯಾರೆ ಮಾಡಿ ಏನ್ ಸಿಗತೈತ್ರಿ ಮೇಡಮ್?" ಎಂದಳು ಬಾದಾಮಿ ಕಡೆಯ ಹುಡುಗಿ. ಸ್ಟ್ರೆಪ್ಟೊಮೈಸಿನ್ ಕಥೆ ಹೇಳಿದೆ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದ 30ಎಸ್‌ಗೆ ಜಗ್ಗುವುದರ 50ಎಸ್ ಕೂಡಿಸಿದರು, ಆಮೇಲೆ ತಿರುಗುಮುರುಗು ಮಾಡಿದರು. 1964ರಲ್ಲಿ ಗೊತ್ತಾಯಿತು: ಔಷಧಿಯ ಪೆಟ್ಟು ಬೀಳುವುದು 30ಎಸ್ ಮೇಲೆ. ಇಡೀ ರೈಬೋಸೋಮನ್ನೇ ಹಿಡಿದು ಕೂತಿದ್ದರೆ ಇದನ್ನು ಹೇಳಲಾಗುತ್ತಿರಲಿಲ್ಲ.