ಆಯನೂರಿನ ಅಂಗಳದಲ್ಲಿ ಕ್ಯಾಂಪಾನುಲಾ ಅರಳೀತೇ?

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗ ಸೀಮೆಯ ಆಯನೂರಿನಲ್ಲಿದೆ. ಒಮ್ಮೆ ನೆಟ್ಟರೆ ವರ್ಷವರ್ಷವೂ ಹೂ ಬಿಡುವ ಗಿಡಗಳ ಸಾಲೊಂದನ್ನು ಅಂಗಳದ ಅಂಚಿಗೆ ಮಾಡುತ್ತಿದ್ದೇನೆ. ಪೊಟ್ಟಣದ ಮೇಲೆ ‘ಬಹುವಾರ್ಷಿಕ’ ಎಂದಿದ್ದ ಕ್ಯಾಂಪಾನುಲಾ ಬೀಜ ತರಿಸಿ ಬಿತ್ತಿದೆ. ಎಲೆ ಸೊಂಪಾಗಿ ಬಂತು, ಹೂ ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ಬುಡ ಕೊಳೆತು ಗಿಡಗಳೆಲ್ಲ ಹೋದವು. ಬೀಜವನ್ನು ಕೆಲವು ದಿನ ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಹೂ ಬಂದೀತೇ?

ಉತ್ತರ: ಎಲೆ ಸೊಂಪಾಗಿ ಬಂದಿದೆ ಎಂದರೆ ನಿಮ್ಮ ಆರೈಕೆಯಲ್ಲಿ ಕೊರತೆಯೇನೂ ಇರಲಿಲ್ಲ. ಗಿಡ ಹೂ ಬಿಡಲು ಕಾಯುವ ಸೂಚನೆ ಆಯನೂರಿನ ಹವೆಯಲ್ಲಿ ಅದಕ್ಕೆ ಸಿಗಲಿಲ್ಲ, ಅಷ್ಟೆ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಚಳಿ. ಕ್ಯಾಂಪಾನುಲಾದಲ್ಲಿ ನೂರಾರು ಜಾತಿಗಳಿವೆ; ತೋಟದಲ್ಲಿ ಬೆಳೆಸುವ ಹೆಚ್ಚಿನವು ಯುರೋಪಿನ ತಂಪು ನಾಡಿನವು. ಎತ್ತರಕ್ಕೆ ಬೆಳೆಯುವ ಕ್ಯಾಂಪಾನುಲಾ ಪರ್ಸಿಸಿಫೋಲಿಯಾ ಮೊಗ್ಗು ಕಟ್ಟಬೇಕಾದರೆ ಎರಡು ಮೂರು ತಿಂಗಳು ಸುಮಾರು 5 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ನಿಮ್ಮಲ್ಲಿ ಜನವರಿಯ ಬೆಳಗಿನ ಜಾವವೂ ಸಾಮಾನ್ಯವಾಗಿ 13 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ದಕ್ಷಿಣ ಭಾರತದ್ದೇ ಆದ ಕ್ಯಾಂಪಾನುಲಾ ಅಲ್ಫೋನ್ಸಿ ಕೂಡ ನೀಲಗಿರಿಯಂಥ ಎತ್ತರದ ತಂಪು ಬೆಟ್ಟಗಳಲ್ಲಿ ನೆಲೆಸಿದೆ.

ಇಲ್ಲೇ ನಿಮ್ಮ ಫ್ರಿಜ್ಜಿನ ಸಂದೇಹಕ್ಕೂ ಉತ್ತರವಿದೆ. ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಬೀಜಕ್ಕೆ ಕೊಡುವ ತಂಪು ಮೊಳಕೆಗೆ ನೆರವಾದೀತೇ ಹೊರತು ಹೂವಿಗಲ್ಲ. ಹೂವಿಗೆ ಬೇಕಾದ ಚಳಿಯನ್ನು ಎಲೆ ತುಂಬಿ ಬಲಿತ ಗಿಡವೇ ಅನುಭವಿಸಬೇಕು. ಆದ್ದರಿಂದ ಬೀಜದ ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟು ಪ್ರಯೋಜನವಿಲ್ಲ.

ಎರಡನೆಯದು ಹಗಲಿನ ಉದ್ದ. ಕುಳ್ಳಗೆ ಗುಪ್ಪೆಯಾಗಿ ಬೆಳೆಯುವ ಕ್ಯಾಂಪಾನುಲಾ ಕಾರ್ಪಾಟಿಕಾಕ್ಕೆ ಚಳಿಯ ಹಟವಿಲ್ಲ, ಆದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ದಾಟುತ್ತದೆ. ಶಿವಮೊಗ್ಗ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲೂ ಸುಮಾರು 13 ಗಂಟೆ ಮಾತ್ರ.

ಮೂರನೆಯದು ಮಳೆ. ಈ ಗಿಡದ ಜೀವವೆಲ್ಲ ಮಣ್ಣಿನ ಮಟ್ಟದಲ್ಲಿರುವ ಬುಡದಲ್ಲಿರುತ್ತದೆ. ಆಷಾಢ, ಶ್ರಾವಣದಲ್ಲಿ ವಾರಗಟ್ಟಲೆ ನೀರು ನಿಂತರೆ ಅದು ಕೊಳೆಯುತ್ತದೆ. ಬಹುವಾರ್ಷಿಕ ಎಂಬ ಮಾತು ಅದರ ತವರಿನ ಹವೆಯಲ್ಲಿ ನಿಜ. ಮಲೆನಾಡಿನ ಸೆರಗಿನ ಮಳೆಗೆ ಅದು ಒಗ್ಗಿದ ಗಿಡವಲ್ಲ.

ಹಾಗಾದರೆ ಮಾಡುವುದೇನು? ಕಾರ್ಪಾಟಿಕಾ ಬೀಜವನ್ನೇ ಆರಿಸಿಕೊಂಡು, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಕುಂಡದಲ್ಲಿ ಬಿತ್ತಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮವಾಗಿ ಬೆರೆತಿರಲಿ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೇಲೆ ಮಣ್ಣು ಮುಚ್ಚದೆ ಒದ್ದೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ. ನೀರನ್ನು ಕುಂಡದ ಕೆಳಗಿನ ತಟ್ಟೆಗೆ ಹಾಕಿ, ಮಣ್ಣು ಹೀರಿಕೊಂಡ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಡಿಸೆಂಬರ್ ಕೊನೆಗೆ ಎಲೆಗಳು ತುಂಬಿದಾಗ, ಕುಂಡದಿಂದ ಒಂದು ಮೀಟರ್ ಮೇಲೆ ಹಳದಿ ಬೆಳಕಿನ ಸಣ್ಣ ಬಲ್ಬು ತೂಗುಹಾಕಿ, ರಾತ್ರಿ 10ರಿಂದ 2 ಗಂಟೆಯವರೆಗೆ ಉರಿಸಿ. ಕತ್ತಲು ಹೀಗೆ ನಡುವೆ ತುಂಡಾದರೆ ಗಿಡ ಅದನ್ನು ದೀರ್ಘ ಹಗಲೆಂದೇ ಗ್ರಹಿಸುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ, ಬೇಸಿಗೆ ಬಲಿಯುವ ಮೊದಲೇ, ನೀಲಿ ಹೂ ನಿರೀಕ್ಷಿಸಬಹುದು. ಮಾರ್ಚ್‌ನಿಂದ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಿ. ಇಷ್ಟು ಮಾಡಿದರೂ ಗಿಡ ಮುಂದಿನ ವರ್ಷಕ್ಕೆ ಉಳಿಯುವುದು ಕಷ್ಟ. ಒಂದು ಋತುವಿನ ಹೂವೆಂದು ಬೆಳೆಸಿದರೆ ನಿರಾಸೆಯಿಲ್ಲ.

ಅಂಗಳದಂಚಿನ ಕಾಯಂ ಸಾಲಿಗೆ ಬೇರೆ ಗಿಡಗಳೇ ಸೂಕ್ತ. ಮಳೆ ಮುಗಿಯುತ್ತಿದ್ದಂತೆ ನೇರಳೆ ಹೂ ತುಂಬಿಕೊಳ್ಳುವ ಗೋರಟೆ, ಬೇಲಿಗೆ ಹಬ್ಬುವ ಶಂಖಪುಷ್ಪ, ಗಾಢ ನೇರಳೆಯ ಗಂಟೆಯಾಕಾರದ ಹೂ ಬಿಡುವ ಥನ್‌ಬರ್ಜಿಯಾ ಎರೆಕ್ಟಾ, ಈ ಮೂರೂ ನಿಮ್ಮ ನೆಲಕ್ಕೆ ಒಗ್ಗುತ್ತವೆ. ಗೋರಟೆ ಮತ್ತು ಥನ್‌ಬರ್ಜಿಯಾದ ಕಡ್ಡಿಗಳನ್ನು ಮಳೆಗಾಲದ ಆರಂಭದಲ್ಲಿ ಊರಿದರೆ ಬೇರು ಬಿಡುತ್ತವೆ. ಶಂಖಪುಷ್ಪದ ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಿದರೆ ಸಾಕು.

ಮುಂದಿನ ಸಲ ಬೀಜ ಕೊಳ್ಳುವಾಗ ಬಹುವಾರ್ಷಿಕ ಎಂಬುದೊಂದನ್ನೇ ನೋಡಬೇಡಿ, ಪೂರ್ತಿ ಸಸ್ಯನಾಮ ಓದಿ. ಕ್ಯಾಂಪಾನುಲಾ ಮೀಡಿಯಂ ಎಂದಿದ್ದರೆ ಅದು ತವರಿನಲ್ಲೇ ಎರಡು ವರ್ಷದ ಗಿಡ: ಮೊದಲ ವರ್ಷ ಎಲೆ, ಎರಡನೆಯ ವರ್ಷ ಹೂ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಕಾರ್ಪಾಟಿಕಾ ಎಂದಿದ್ದರೆ ಮಾತ್ರ ಮೇಲಿನ ಕ್ರಮ ಅನುಸರಿಸಿ.